ಅಮಾಸಿ ತನಕ ಕಾಯಬ್ಯಾಡ್ರಿ

ಶಿರೂರಿನಲ್ಲಿ ಕೂಸಿಗೆ ಜ್ವರ ಬಂದರೆ ಮೊದಲು ದೃಷ್ಟಿ ತೆಗೆಯುತ್ತಾರೆ. ಇಳಿಯದಿದ್ದರೆ ಅಂಗಡಿಯಿಂದ ಗುಳಿಗೆ ತಂದು ಅರ್ಧ ಮುರಿದು ನುಂಗಿಸುತ್ತಾರೆ. ಮತ್ತೂ ಇಳಿಯದಿದ್ದರೆ, "ಬಿಸಲಾಗ ಆಡಾಕ ಹೋಗಿತ್ತು, ಆರಾಮ ಆಗತೈತಿ ಬಿಡ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾಗುತ್ತಾರೆ.

ಹುಚ್ಚವ್ವನ ಮೊಮ್ಮಗಳು ಮಾಯವ್ವನಿಗೂ ಹೀಗೇ ಆಯಿತು. ಜ್ವರ ಬಂತು, ಹೋಯಿತು, ತಿರುಗಿ ಬಂತು. ಮುಖ ಬಿಳುಚಿತು. ಎಲ್ಲಿಯೂ ಬೀಳದೆ ತೊಡೆಯ ಮೇಲೆ ನೀಲಿ ಕಲೆಗಳೆದ್ದವು. ಓಣಿ ತುಂಬ ಓಡಾಡುವ ಕೂಸು ಕಾಲು ನೋಯುತ್ತವೆಂದು ಅಜ್ಜಿಯ ಬಗಲು ಬಿಟ್ಟು ಇಳಿಯದಾಯಿತು.

ಆ ಕಲೆಗಳನ್ನು ಕಂಡವಳು ಆಶಾ ಕಾರ್ಯಕರ್ತೆ ಮುಬಶೀರಾ. ಅದೇ ಓಣಿಯವಳು. "ಇದು ದೃಷ್ಟಿ ಅಲ್ಲ ಆಯಿ, ರಕ್ತ ತಪಾಸಣಿ ಆಗಬೇಕು" ಎಂದು ಹಟ ಹಿಡಿದು ಬಾಗಲಕೋಟೆಗೆ ಕಳಿಸಿದಳು. ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಕೂಸಿಗೆ ರಕ್ತದ ಕ್ಯಾನ್ಸರ್ ಆಗಿತ್ತು.

ಹುಚ್ಚವ್ವನ ಮಗ ಹಣಮೇಶ, ಸೊಸೆ ಸುಧಾರಾಣಿ ಹುಬ್ಬಳ್ಳಿಯಲ್ಲೇ ಉಳಿದು ಮೊದಲ ಸುತ್ತಿನ ಔಷಧ ಮುಗಿಸಿಕೊಂಡು ಬಂದರು. ಮಾಯವ್ವನ ಜ್ವರ ಬಿಟ್ಟಿತ್ತು. ಕಾಲುನೋವಿರಲಿಲ್ಲ. ರೊಟ್ಟಿ ಬೇಕು, ಬೆಲ್ಲ ಬೇಕು ಅಂತ ರಂಪ ಮಾಡುತ್ತಿದ್ದಳು. ಆ ರಂಪ ಕೇಳಿ ಹುಚ್ಚವ್ವನಿಗೆ ಕಣ್ಣೀರೇ ಬಂತು.

ಮರುದಿನ ಕೂಸಿನ ತಲೆ ಹಿಕ್ಕಲು ಕುಳಿತಳು. ಕೂದಲು ಹಿಡಿಹಿಡಿಯಾಗಿ ಹಣಿಗೆಗೆ ಬಂತು.

ಬರೀ ಕೂದಲಾಗಿದ್ದರೆ ಮಾತು ಬೇರೆ. ಅದು ಮನೆದೇವರು ಬೀರಪ್ಪನ ಹೆಸರಿಗೆ ಬಿಟ್ಟ ಕೂದಲು. ಹುಟ್ಟಿದಾಗಿನಿಂದ ಕತ್ತರಿ ಮುಟ್ಟಿಸಿರಲಿಲ್ಲ. ಐದನೇ ವರ್ಷಕ್ಕೆ ಗುಡಿಯ ಮುಂದೆ ಜವಳ ತೆಗೆಸಿ ದೇವರಿಗೇ ಒಪ್ಪಿಸುತ್ತೇನೆಂದು ಹುಚ್ಚವ್ವ ಹರಕೆ ಹೊತ್ತಿದ್ದಳು. ಅಂಥ ಕೂದಲು ಈಗ ಕೌದಿಯ ಮೇಲೆ, ಅಂಗಳದಲ್ಲಿ, ಮಜ್ಜಿಗೆಯ ಬಟ್ಟಲಿನಲ್ಲಿ ಬೀಳುತ್ತಿತ್ತು. ಮುದುಕಿ ಒಂದೊಂದೇ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

"ದೇವರು ಸಿಟ್ಟಾಗ್ಯಾನ," ಅಂದಳು. "ಆ ಔಷಧ ದೇವರ ಒಡವಿಗೆ ಕೈ ಹಾಕೈತಿ. ಇನ್ನ ಸಾಕು. ಕೂಸು ಆರಾಮ ಆಗೇತಿ. ಅಮಾಸಿಗೆ ಗುಡ್ಯಾಗ ಹೇಳಿಕಿ ಐತಿ. ಬೀರಪ್ಪ ಅಪ್ಪಣಿ ಕೊಟ್ರ ಮುಂದ ನೋಡೂಣು."

ಅಮಾವಾಸ್ಯೆಯಂದು ಪೂಜಾರಿಯ ಮೈಮೇಲೆ ದೇವರು ಬಂದು ನುಡಿಯುವುದೇ ಹೇಳಿಕೆ. ಅದನ್ನು ಕೇಳದೆ ಆ ಮನೆಯಲ್ಲಿ ಮದುವೆಯೂ ಇಲ್ಲ, ಬಾವಿ ತೋಡುವುದೂ ಇಲ್ಲ.

"ಗುರುವಾರದ ಔಷಧ ತಪ್ಪಿಸಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ್ರಿ ಅತ್ತಿ. ಅಮಾಸಿ ಇನ್ನೂ ಭಾಳ ದೂರ ಐತಿ," ಅಂದಳು ಸುಧಾರಾಣಿ.

"ಡಾಕ್ಟರ ದೊಡ್ಡಾಂವೋ, ಬೀರಪ್ಪ ದೊಡ್ಡಾಂವೋ?"

ಹಣಮೇಶ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕುರಿ ಮೇಯಿಸಬೇಕೆಂದು ಎದ್ದು ಹೋದ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಕುರಿ ತಪ್ಪದೆ ನೆನಪಾಗುತ್ತವೆ!

ಎದುರು ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ನೆರೆಮನೆಯ ಅಮಾತೆಪ್ಪ ಹತ್ತಿರ ಬಂದ.

"ಯಕ್ಕಾ, ಖರೆ ಹೇಳ್ತೇನಿ, ಸಿಟ್ಟಾಗಬ್ಯಾಡ. ಕ್ಯಾನ್ಸರ್ ಬಂದಾವ್ರು ಯಾರು ಉಳದಾರ? ಅದೂ ಹೆಣ್ಣಕೂಸು. ಹಣಮೇಶಗ ವಯಸ್ಸೈತಿ, ಇನ್ನೊಂದು ಆಗತೈತಿ. ಮತ್ತ ಆ ಬ್ಯಾನಿ ಅಂಟತೈತಿ ಅಂತಾರ. ನಮ್ಮ ಹುಡುಗರನ್ನ ನಿಮ್ಮ ಅಂಗಳಕ್ಕ ಬಿಡಾಕ ಅಂಜಿಕಿ ನನಗ."

ಹುಚ್ಚವ್ವ ಸೆಟೆದು ನಿಂತಳು. "ಏ ಅಮಾತೆಪ್ಪಾ! ನನ್ನ ಕೂಸೇನು ಗಡಿಗಿ ಅಂತ ಮಾಡಿಯೇನೋ, ಒಡದ್ರ ಸಂತ್ಯಾಗ ಇನ್ನೊಂದು ತರಾಕ? ಹೆಣ್ಣಂತ ಹೆಣ್ಣು! ನಿನ್ನ ಹಡದಾಕಿ ಯಾರೋ, ಕುಂಬಳಬಳ್ಳಿ ಏನೋ? ನಡಿ ಇಲ್ಲಿಂದ!"

ಬೈದು ಒಳಗೆ ಬಂದು ಕೌದಿಯ ಮೇಲಿನ ಕೂದಲು ಆರಿಸತೊಡಗಿದಳು. ಅಮಾತೆಪ್ಪ ಹೇಳಿದ್ದೇನು? ಬಿಟ್ಟುಬಿಡು ಅಂತ. ತಾನು ಬೆಳಿಗ್ಗೆಯಿಂದ ಹೇಳುತ್ತಿರುವುದೇನು? ಅದೇ. ತನ್ನ ಬಾಯಲ್ಲಿ ಭಕ್ತಿಯಾಗಿದ್ದ ಮಾತು ಅವನ ಬಾಯಲ್ಲಿ ಕೊಲೆಯಂತೆ ಕೇಳಿಸಿತ್ತು.

ಸುಧಾರಾಣಿಯಿಂದ ಎಲ್ಲ ಕೇಳಿ ತಿಳಿದು ಸಂಜೆ ಮುಬಶೀರಾ ಬಂದಳು. ಬಾಗಿಲಲ್ಲೇ ಕೈ ತೊಳೆದು ಕೂಸಿನ ಪಕ್ಕ ಕುಳಿತಳು.

"ಕೂಸು ಆರಾಮ ಕಾಣ್ತೈತಿ ಖರೆ ಆಯಿ. ಆದ್ರ ಹೊಲದಾಗ ಕರಿಕಿ ಹುಲ್ಲು ಮ್ಯಾಲಷ್ಟ ಕಿತ್ರ ಏನಾಗತೈತಿ?"

"ಹೊಲ ಸ್ವಚ್ಛ ಕಾಣ್ತೈತಿ. ಒಂದು ಮಳಿ ಬಿತ್ತಂದ್ರ ಮತ್ತ ಎದ್ದ ನಿಂದರತೈತಿ."

"ಇದೂ ಹಂಗ. ಬೇರು ಇನ್ನೂ ಒಳಗ ಐತಿ. ಈಗ ಬಿಟ್ರ ಬ್ಯಾನಿ ಜೋರಾಗಿ ತಿರುಗಿ ಬರಬಹುದು, ಆವಾಗ ಔಷಧಕ್ಕ ಬಗ್ಗೂದು ಕಷ್ಟ. ಈ ಬ್ಯಾನಿಗೆ ಎರಡ್ಮೂರು ವರ್ಷ ಔಷಧ ನಡೀತೈತಿ. ಅರ್ಧಕ್ಕ ಬಿಡದ ಪೂರಾ ಮಾಡಿಸಿದ ಮಕ್ಕಳು ಭಾಳ ಮಂದಿ ಗುಣ ಆಗಿ ಸಾಲಿ ಕಲ್ಯಾಕತ್ತಾರ. ಮತ್ತ ಇದು ಒಬ್ಬರಿಂದ ಒಬ್ಬರಿಗೆ ಅಂಟೂದಲ್ಲ. ಅಮಾತೆಪ್ಪ ಕಾಕಾಗ ನಾ ಹೇಳ್ತೇನಿ."

"ಈ ಕೂದಲಾ?"

"ಬ್ಯಾನಿಗೆ ಹೊಡಿಯೂ ಔಷಧದ ಪೆಟ್ಟು ಕೂದಲಕ್ಕೂ ಬೀಳತೈತಿ. ಮುಂದ ಮತ್ತ ಬರ್ತಾವ."

"ಬರೂವು ಬ್ಯಾರೆ ಕೂದಲಾ. ದೇವರಿಗೆ ಬಿಟ್ಟದ್ದು ಹೋತಲ್ಲವಾ!"

ಮುಬಶೀರಾ ನಗಲಿಲ್ಲ. "ಅದಕ್ಕ ನನ್ನ ಕಡೆ ಉತ್ತರ ಇಲ್ಲ ಆಯಿ. ಪೂಜಾರಿ ಕಾಕಾನ್ನ ಕೇಳೂಣು. ಅವರ ಮನಿ ಇಲ್ಲೇ ಐತಲ್ಲ, ಅಮಾಸಿ ಯಾಕ ಬೇಕು? ನಡಿ."

ಪೂಜಾರಿ ಬೀರಲಿಂಗಪ್ಪ ಹಟ್ಟಿಯಲ್ಲಿ ಟಗರಿಗೆ ಹುರುಳಿ ತಿನ್ನಿಸುತ್ತಿದ್ದ. ಹುಚ್ಚವ್ವ ಸೆರಗಿನ ಗಂಟು ಬಿಚ್ಚಿ ಕೂದಲು ತೋರಿಸಿದಳು. "ಯಣ್ಣಾ, ಹರಕಿ ಕೆಟ್ಟಿತು. ಅಪ್ಪಣಿ ಇಲ್ದ ಕೂಸಿನ್ನ ಹ್ಯಾಂಗ ಕಳಸಲಿ?"

ಬೀರಲಿಂಗಪ್ಪ ಟಗರಿನ ಬೆನ್ನು ಸವರಿದ. "ಹೋದ ಚಳಿಗಾಲದಾಗ ಇದು ಹೊಟ್ಟಿ ಉಬ್ಬಿ ಬಿದ್ದಿತ್ತು. ನಾ ಅಮಾಸಿ ಕಾದೆ ಏನು?"

"ಎಲ್ಲಿ ಕಾದಿ? ಧೋತರ ಎತ್ತಿ ಕಟ್ಟಿ ದನದ ಡಾಕ್ಟರನ್ನ ಕರಿಯಾಕ ಓಡಿದಿ. ಊರ ಮಂದಿ ಬಿದ್ದುಬಿದ್ದು ನಕ್ಕರು."

"ನಗಲಿ. ಟಗರು ಉಳೀತು. ಟಗರಿಗೆ ಒಂದು ನ್ಯಾಯ, ಕೂಸಿಗೆ ಒಂದು ನ್ಯಾಯ ಏನು?" ಅವನ ದನಿ ಮೆತ್ತಗಾಯಿತು. "ಬೀರಪ್ಪನ್ನ ಸಾಕಿ ಬೆಳೆಸಿದಾಕಿ ಅವನ ಅಕ್ಕ ಮಾಯವ್ವ. ಆಕಿ ಹೆಸರ ಇಟ್ಟೀರಿ ನೀವು. ಅಕ್ಕನ ಹೆಸರಿನ ಕೂಸು ಜೀವ ಉಳಿಸ್ಕೊಳ್ಳಾಕ ಹೊಂಟ್ರ ಆಂವ ಕೂದಲಾ ಕೇಳ್ತಾನೇನು? ಕೊಡ ಇಲ್ಲಿ."

ಸೆರಗಿನ ಕೂದಲನ್ನು ಬೊಗಸೆಯಲ್ಲಿ ಹಿಡಿದು ಗುಡಿಗೆ ಹೋದ. ಗದ್ದಿಗೆಯ ಮುಂದಿಟ್ಟು ದೇವರ ಅರಿಸಿನಪುಡಿ, ಭಂಡಾರ, ಹಾಕಿದ. "ಜವಳ ಮುಟ್ಟಿತು. ಗುರುವಾರ ತಪ್ಪಿಸಬ್ಯಾಡ ಹುಚ್ಚವ್ವಾ. ನಾಳಿ ಮಂದಿ ಕರಕೊಂಡ ಬಂದು ಕೂಸಿಗೂ ಭಂಡಾರ ಹಚ್ಚತೇವಿ."

"ಮಂದಿ ಬ್ಯಾಡ್ರಿ ಕಾಕಾ," ಅಂದಳು ಮುಬಶೀರಾ. "ಔಷಧ ನಡದಾಗ ಕೂಸಿನ ತಾಕತ್ತು ಕಡಿಮಿ. ಯಾರದಾದ್ರೂ ನೆಗಡಿ ಹತ್ತಿದ್ರೂ ಅಪಾಯ. ಮೈ ಬಿಸಿ ಆದ್ರ ಹೊತ್ತು ನೋಡದ ದವಾಖಾನಿಗೆ ಓಡಬೇಕು. ಮಂದಿ ಬರೂದಾದ್ರ ಹುಬ್ಬಳ್ಳಿಗೆ ಬರ್ಲಿ, ರಕ್ತ ಬೇಕಾಗೇತಿ."

ಪೂಜಾರಿ ಅಂದೇ ಕಟ್ಟೆಗೆ ಹೋಗಿ ರಕ್ತ ಕೊಡುವವರು ಯಾರೆಂದು ಕೇಳಿದ. ಗಂಡಸರು ಕಂಬಳಿ ಸರಿಮಾಡಿಕೊಂಡರು, ಆಕಾಶ ನೋಡಿದರು. "ರಕ್ತ ಕೊಟ್ರ ನಿಶ್ಶಕ್ತಿ ಆಗತೈತಂತ" ಅಂದನೊಬ್ಬ. "ಲೇ, ಊಟ ಮಾಡಿದ್ರ ಮತ್ತ ಆಗತೈತಿ. ಮದ್ವಿ ಊಟಕ್ಕ ಕುಂತ್ರ ಪಂಕ್ತಿ ಬಿಟ್ಟ ಏಳೂದಿಲ್ಲ, ಎಲ್ಲಿ ನಿಶ್ಶಕ್ತಿ ನಿನಗ?" ಅಂದ ಪೂಜಾರಿ. ಎಲ್ಲರೂ ನಕ್ಕರು. ಅಂಜಿಕೆ ಅರ್ಧ ಹೋಯಿತು.

ಗುರುವಾರ ನಸುಕಿನ ಬಸ್ಸಿಗೆ ಕಂಬಳಿ ಹೊದ್ದವರ ಒಂದು ಗುಂಪೇ ಹತ್ತಿ, ಕೂಸಿನಿಂದ ದೂರ ಹಿಂದಿನ ಸೀಟುಗಳಲ್ಲಿ ಕುಳಿತಿತು. ಅಮಾತೆಪ್ಪ ಬರಲಿಲ್ಲ. ಆದರೆ ಅವನ ಮನೆಯಾಕೆ ಬಿಸಿ ರೊಟ್ಟಿ ಕಟ್ಟಿಕೊಟ್ಟು, "ಅಂಟೂದಲ್ಲ ಅಂತ ನಮ್ಮಾವ್ರಿಗೆ ತಿಳಿಸಿ ಹೇಳೇನಿ" ಅಂದಳು. ಅಷ್ಟಾದರೂ ಆಯಿತು.

ಹುಚ್ಚವ್ವ ಎಲ್ಲರಿಗಿಂತ ಮೊದಲೇ ಸೀಟು ಹಿಡಿದಿದ್ದಳು.

"ನಿಮಗ ಬಸ್ಸಿನ್ಯಾಗ ತಲಿ ತಿರಗತೈತಿ, ನೀವ್ಯಾಕ್ರಿ ಅತ್ತಿ?"

"ಸಾಕು ಅಂದಾಕಿ ನಾನ. ಪೂರಾ ಮುಗಿಯೂ ತನಕ ಕರಕೊಂಡ ಹೋಗಾಕಿನೂ ನಾನ. ತಾ ಕೂಸಿನ್ನ." ಮಾಸ್ಕ್ ಹಾಕಿದ ಬೋಳುತಲೆಯ ಮಾಯವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಔಷಧ ಇನ್ನೂ ನಡೆದಿದೆ. ಹುಚ್ಚವ್ವ ಒಂದು ಸರದಿಯನ್ನೂ ತಪ್ಪಿಸಿಲ್ಲ.

ಈ ಕಥೆ ಓದುವ ತಾಯಂದಿರೇ, ಕೇಳುವ ಆಯಿಗಳೇ, ಕಟ್ಟೆಯ ಮೇಲೆ ಕುಳಿತ ಹಿರಿಯರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮ ಕೂಸಿಗೆ ಬಿಡದ ಜ್ವರವೇ? ಬಿಳುಚಿದ ಮುಖ, ಕಾರಣವಿಲ್ಲದ ನೀಲಿ ಕಲೆ, ಎಲುಬು ನೋವು, ಗಂಟು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡಿತೇ? ಎಲ್ಲವೂ ಕ್ಯಾನ್ಸರ್ ಅಲ್ಲ, ಅಂಜಬೇಡಿ. ಆದರೆ ತೋರಿಸದೆ ಬಿಡಬೇಡಿ. ಖರ್ಚಿಗೆ ಸರ್ಕಾರದ ಆರೋಗ್ಯ ಕಾರ್ಡಿನ ನೆರವುಂಟು, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಣ್ಣುಕೂಸು ಅಂತ ಕೈಬಿಡುವ ಹಕ್ಕು ಯಾರಿಗೂ ಇಲ್ಲ, ಹೆತ್ತವರಿಗೂ ಇಲ್ಲ. ಆರಾಮಾಯಿತೆಂದು ನೀವು ಹೇಳಬೇಡಿ, ಡಾಕ್ಟರು ಹೇಳಲಿ. ನೆರೆಯ ಕೂಸಿಗೆ ಬೇನೆ ಬಂದರೆ ಬಾಗಿಲು ಮುಚ್ಚಬೇಡಿ, ರಕ್ತ ಕೊಡಿ.

ನಿಮ್ಮ ದೇವರಿಗೆ ಕೈ ಮುಗಿಯಿರಿ, ಬ್ಯಾಡ ಅನ್ನುವವರು ಯಾರು? ಮುಗಿದ ಅದೇ ಕೈಯಲ್ಲಿ ಕೂಸನ್ನೆತ್ತಿಕೊಂಡು ಇವತ್ತೇ ದವಾಖಾನೆಗೆ ನಡೆಯಿರಿ.