ಆರನೆಯ ಫಾರ್ವರ್ಡ್

ಟೈರ್ ಕಾರ್ಖಾನೆಯ ಹಾಕಿ ತಂಡಕ್ಕೆ ಹೊಸ ಫಾರ್ವರ್ಡ್ ಸೇರಿದ ಸುದ್ದಿ ತಪಾಸಣೆ ವಿಭಾಗಕ್ಕೆ ಬಂದಾಗ ಅಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಫಾರ್ವರ್ಡ್‌ನ ಬಲಗೈ ಮೊಣಕೈವರೆಗೆ ಒಂದು ಟೈರಿನ ಒಳಗಿತ್ತು. ಟೈರನ್ನು ಮೆಲ್ಲನೆ ತಿರುಗಿಸುತ್ತ, ಒಳಮೈಯನ್ನು ಬೆರಳಿನಲ್ಲಿ ಸವರುತ್ತ, ಎಲ್ಲಾದರೂ ಗುಳ್ಳೆ ಎದ್ದಿದೆಯೇ, ಪದರ ಬಿಟ್ಟುಕೊಂಡಿದೆಯೇ ಎಂದು ಹುಡುಕುವುದು ಅವನ ಕೆಲಸ. ಸುದ್ದಿ ತಂದವನು ತಂಡದ ಗೋಲ್‌ಕೀಪರ್. ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವಷ್ಟು ಅಗಲವೂ ಇದ್ದ.

“ಅಳಿಯಂದ್ರೇ, ಕೇಳಿದ್ರಾ? ನಿಮ್ಮ ಭಾವ ಹೊಸ ಕುದುರೆ ತಂದು ಕಟ್ಟಿದ್ದಾರೆ.”

“ಯಾರಂತೆ?”

“ಬಂದರು ತಂಡದವನು. ಹೋದ ವರ್ಷ ನನ್ನ ಕಾಲ ಸಂದೀಲಿ ಎರಡು ಗೋಲು ತೂರಿಸಿದ್ನಲ್ಲ, ಅದೇ ಪುಣ್ಯಾತ್ಮ. ಇನ್ಮೇಲೆ ನಮ್ಮ ಉಗ್ರಾಣದಲ್ಲಿ ಕೆಲಸ, ನಮ್ಮ ಕಡೆ ಆಟ.”

“ಒಳ್ಳೇದಾಯ್ತು.”

“ನನಗೆ ಒಳ್ಳೇದೇ. ಇನ್ನು ಅವನು ಬೇರೆಯವರ ಕಾಲ ಸಂದಿ ನೋಡ್ಕೋತಾನೆ. ನಿಮಗೆ?”

ಅವನು ಟೈರನ್ನು ಇನ್ನೊಂದು ಸುತ್ತು ತಿರುಗಿಸಿದ. ಬೆರಳಿಗೆ ಏನೂ ಸಿಗಲಿಲ್ಲ.

‘ಅಳಿಯಂದಿರು’ ಎಂಬ ಹೆಸರು ಅವನಿಗೆ ಅಂಟಿದ್ದು ತಂಡದ ಕೋಚ್ ಅವನ ಹೆಂಡತಿಯ ಅಣ್ಣನಾದ್ದರಿಂದ. ನಿಜಕ್ಕೆ ಅವನು ತಂಡ ಸೇರಿದ್ದು ಮೊದಲು, ಮದುವೆಯಾದದ್ದು ಆಮೇಲೆ, ಭಾವ ಕೋಚ್ ಆದದ್ದು ಅದಕ್ಕೂ ಆಮೇಲೆ. ಆದರೆ ತಮಾಷೆ ಮಾಡುವವರು ತಾರೀಕು ನೋಡುವುದಿಲ್ಲ. ಗೋಲು ಹೊಡೆದರೆ ‘ಅಳಿಯಂದಿರ ಉಡುಗೊರೆ’, ತಪ್ಪಿಸಿಕೊಂಡರೆ ‘ಅಳಿಯಂದಿರ ಮುನಿಸು’. ಅವನಿಗೆ ಅದು ಅಭ್ಯಾಸವಾಗಿತ್ತು.

ಹೊಸಬ ಬಂದದ್ದರಿಂದ ತಂಡಕ್ಕೆ ಏನು ಲಾಭ ಎಂಬುದನ್ನು ಆ ಸಂಜೆ ಭಾವ ಮೈದಾನದ ಪಕ್ಕದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸಿದರು. ಪಂದ್ಯಕ್ಕೆ ಹದಿನಾರು ಜನ. ಅಂಗಳದಲ್ಲಿ ಹನ್ನೊಂದು, ಬೆಂಚಿನಲ್ಲಿ ಐದು. ಯಾರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಇಷ್ಟು ದಿನ ಫಾರ್ವರ್ಡ್‌ಗಳು ಐವರು. ಮೂವರು ಓಡುವಾಗ ಇಬ್ಬರು ಉಸಿರು ತೆಗೆದುಕೊಳ್ಳುತ್ತಿದ್ದರು. ಇನ್ನು ಆರು ಜನ, ಮೂರು ಜೋಡಿ. ಒಬ್ಬ ಸುಸ್ತಾಗುವ ಮೊದಲೇ ಅವನ ಜೋಡಿ ಒಳಗೆ. ಕೊನೆಯ ಹೊತ್ತಿಗೆ ಎದುರಾಳಿ ಡಿಫೆಂಡರ್‌ಗಳ ಕಾಲು ಸೀಸವಾಗಿರುತ್ತದೆ, ನಮ್ಮವರದು ಆಗಷ್ಟೇ ಮೈದಾನಕ್ಕಿಳಿದ ಹಾಗಿರುತ್ತದೆ.

“ಆದ್ರೆ ಹದಿನಾರು ಹದಿನೇಳಾಗಲ್ಲ” ಎಂದರು ಭಾವ. “ಆರನೇ ಫಾರ್ವರ್ಡ್‌ಗೋಸ್ಕರ ಒಬ್ಬ ಡಿಫೆಂಡರ್‌ನ ಕೂರಿಸ್ತಿದ್ದೀನಿ. ಅಂಚೆ ತಂಡದ ಮೇಲೆ ಹೀಗೆ ಆಡಿ ನೋಡೋಣ. ಸರಿ ಹೋದ್ರೆ ಆರೇ ಇರ್ಲಿ. ಹೋಗ್ಲಿಲ್ಲ ಅಂದ್ರೆ ಮತ್ತೆ ಐದು.”

ಐದಾದರೆ ಹೊರಗೆ ಹೋಗುವವನು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬಾಗಿಲ ಮೇಲಿದ್ದ ಗಡಿಯಾರ ನೋಡಿದರು. ಆರರಲ್ಲಿ ಎಲ್ಲರಿಗಿಂತ ವಯಸ್ಸಾದವನು ಅಳಿಯಂದಿರು.

ಹದಿನಾರರಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಆ ಕಾರ್ಖಾನೆಯಲ್ಲಿ ಒಂದು ಸ್ಪಷ್ಟವಾದ ವ್ಯತ್ಯಾಸವಿತ್ತು. ಹದಿನಾರು ಜನ ಊಟದ ಗಂಟೆ ಹೊಡೆದ ಮೇಲೆ ಸ್ಟಿಕ್ ಹಿಡಿದು ಮೈದಾನಕ್ಕೆ ಹೋಗುತ್ತಿದ್ದರು. ಉಳಿದವರು ಪೂರ್ತಿ ಪಾಳಿ ಮುಗಿಸುತ್ತಿದ್ದರು. ಅವನು ಕೆಲಸಕ್ಕೆ ಸೇರಿದ ವಾರದಿಂದಲೇ ಮಧ್ಯಾಹ್ನಗಳು ಅವನವಾಗಿದ್ದವು.

ತಂಡದಲ್ಲಿ ಬದಲಿ ಆಟಗಾರರು ಒಳಗೆ ಹೋಗುವುದಕ್ಕೂ ಒಂದು ಪದ್ಧತಿಯಿತ್ತು. ಬೇರೆ ತಂಡಗಳಲ್ಲಿ ಕೋಚ್ ಕೂಗುತ್ತಾರೆ, ಇಲ್ಲವೇ ಮ್ಯಾನೇಜರ್ ಸಂಖ್ಯೆಯ ಹಲಗೆ ಎತ್ತುತ್ತಾನೆ. ಇಲ್ಲಿ ಅದೇನೂ ಇರಲಿಲ್ಲ. ಸುಸ್ತಾದವನು ತಾನೇ ಸ್ಟಿಕ್ಕನ್ನು ತಲೆಯ ಮೇಲೆ ಎತ್ತುತ್ತಾನೆ, ಬೆಂಚಿನಲ್ಲಿರುವ ಅವನ ಜೋಡಿ ಏಳುತ್ತಾನೆ, ಮಧ್ಯಗೆರೆಯ ಹತ್ತಿರ ಅಂಗೈಗೆ ಅಂಗೈ ತಟ್ಟಿ ಒಬ್ಬ ಹೊರಗೆ, ಒಬ್ಬ ಒಳಗೆ. ಅಳಿಯಂದಿರ ಜೋಡಿ ಎಡಬದಿಯ ಕುಳ್ಳ. ವರ್ಷಾನುಗಟ್ಟಲೆ ಹೀಗೇ ನಡೆದು, ಕುಳ್ಳ ಸ್ಟಿಕ್ ಎತ್ತುವ ಮುಂಚೆಯೇ, ಅವನ ಓಟದಲ್ಲಿ ಹಿಮ್ಮಡಿ ಭಾರವಾಗುತ್ತಿದ್ದಂತೆಯೇ, ಇವನು ಶೂ ಲೇಸು ಬಿಗಿಯುತ್ತಿದ್ದ.

ಹೊಸ ಲೆಕ್ಕದಲ್ಲಿ ಕುಳ್ಳನ ಜೋಡಿ ಹೊಸಬ. ಅಳಿಯಂದಿರು ನಡುವೆ ಆಡುವವನಿಗೆ ಜೋಡಿ.

“ನನ್ನನ್ನ ಬಿಟ್ಟು ಹೋಗ್ತಿದ್ದೀಯಲ್ಲೋ” ಎಂದ ಕುಳ್ಳ ಬಟ್ಟೆ ಬದಲಾಯಿಸುತ್ತ.

“ನಿನ್ನ ಭಾರ ಹೊತ್ತು ಹೊತ್ತು ಬೆನ್ನು ಬಾಗಿತ್ತು. ಇನ್ನವನು ಹೊರಲಿ.”

ಹೊಸಬ ಮೂಲೆಯಲ್ಲಿ ಕೂತು ನಕ್ಕ. ತೆಳ್ಳಗೆ, ಉದ್ದಕ್ಕೆ ಇದ್ದ, ಮಾತು ಕಡಿಮೆ. “ಅಣ್ಣ, ಎಡಗಡೆ ನಿಮ್ಮದೇ ಜಾಗ ಅಂತ ಹೇಳಿದ್ರು. ನಾನು ಕೇಳ್ಕೊಂಡು ಬಂದಿದ್ದಲ್ಲ” ಎಂದ.

“ಗೊತ್ತು ಬಿಡಪ್ಪ.”

ಕೋಪ ಬರಬೇಕಿತ್ತು. ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದಾಗ ಚಿವುಟಿದರೆ ಹೇಗೋ, ಹಾಗಿತ್ತು. ಚಿವುಟಿದ್ದು ಗೊತ್ತಾಗುತ್ತದೆ, ನೋವು ಮಾತ್ರ ಬೇರೆ ಯಾರದೋ.

ಅಂಚೆ ತಂಡದ ಜೊತೆಗಿನ ಪಂದ್ಯದಲ್ಲಿ ಭಾವನ ಲೆಕ್ಕ ಕೊನೆಯ ಕಾಲು ಭಾಗದವರೆಗೂ ಸರಿಯಾಗಿಯೇ ನಡೆಯಿತು. ಹೊಸಬ ಒಂದು ಗೋಲು ಹೊಡೆದ, ಇನ್ನೊಂದನ್ನು ನಡುವಿನವನಿಗೆ ಹೊಡೆಸಿದ. ಎರಡಕ್ಕೆ ಒಂದರಲ್ಲಿ ಕಾರ್ಖಾನೆ ಮುಂದಿತ್ತು. ಅಂಚೆಯವರ ಡಿಫೆಂಡರ್‌ಗಳು ಸೊಂಟಕ್ಕೆ ಕೈ ಕೊಟ್ಟು ನಿಲ್ಲತೊಡಗಿದ್ದರು. ಅಳಿಯಂದಿರು ಮತ್ತು ಹೊಸಬ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದರು.

ಆಗ ಎಡಬದಿಯಲ್ಲಿ ಕುಳ್ಳನ ಹಿಮ್ಮಡಿ ಭಾರವಾಯಿತು. ಅವನು ಸ್ಟಿಕ್ ಎತ್ತಿದ.

ಹೊಸಬ ಎದ್ದ. ಅಳಿಯಂದಿರೂ ಎದ್ದ. ಇಬ್ಬರೂ ಮಧ್ಯಗೆರೆಗೆ ಓಡಿದರು. ತಲೆ ತಗ್ಗಿಸಿ ಏದುಸಿರು ಬಿಡುತ್ತ ಬಂದ ಕುಳ್ಳನಿಗೆ ಮುಂದೆ ಎರಡು ಅಂಗೈ ಕಂಡವು. ಎರಡಕ್ಕೂ ತಟ್ಟಿದ. ಇಬ್ಬರೂ ಒಳಗೆ ಹೋದರು.

ಚೆಂಡು ಅಳಿಯಂದಿರ ಕಡೆಗೇ ಬಂತು. ಅವನು ಅದನ್ನು ನಿಲ್ಲಿಸಿ, ಒಬ್ಬನನ್ನು ದಾಟಿಸಿ, ತಲೆ ಎತ್ತದೆಯೇ ಅಡ್ಡಕ್ಕೆ ತಳ್ಳಿದ. ಆ ಜಾಗದಲ್ಲಿ ಯಾರಾದರೂ ಇರಲೇಬೇಕು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಅಲ್ಲಿ ಹೊಸಬ ಇದ್ದ. ಚೆಂಡು ಗೋಲಿನ ಹಿಂದಿನ ಹಲಗೆಗೆ ಬಡಿದ ಸದ್ದು ಮೈದಾನಕ್ಕೆಲ್ಲ ಕೇಳಿಸಿತು.

ಅದರ ಹಿಂದೆಯೇ ಅಧಿಕಾರಿಗಳ ಮೇಜಿನಿಂದ ಬೆಲ್ಲು. ಅಂಪೈರ್ ಎರಡೂ ಕೈ ಮೇಲೆತ್ತಿ ಸಮಯ ನಿಲ್ಲಿಸಿ, ಕಾರ್ಖಾನೆಯವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದ. ಹನ್ನೆರಡು.

ಗೋಲು ರದ್ದಾಯಿತು. ಇಂಥ ತಪ್ಪಿಗೆ ಶಿಕ್ಷೆ ನಾಯಕನಿಗೆ. ತಂಡದ ನಾಯಕ ರಕ್ಷಣೆಯ ನಡುವೆ ನಿಲ್ಲುವವನು. ಅವನಿಗೆ ಹಳದಿ ಕಾರ್ಡು, ಐದು ನಿಮಿಷ ಹೊರಗೆ. ಅವನ ಜಾಗಕ್ಕೆ ಯಾರನ್ನೂ ಕಳಿಸುವಂತಿಲ್ಲ. ಹತ್ತೇ ಜನ ಆಡಬೇಕು. ಬೆಂಚಿನಲ್ಲಿ ಫಾರ್ವರ್ಡ್‌ಗಳು ಸಾಲಾಗಿದ್ದರು. ರಕ್ಷಣೆಯ ನಡುವೆ ನಿಲ್ಲಬಲ್ಲ ಡಿಫೆಂಡರ್ ಮನೆಯಲ್ಲಿದ್ದ. ನಾಯಕ ವಾಪಸು ಬರುವಷ್ಟರಲ್ಲಿ ಅಂಚೆಯವರು ಎರಡು ಹೊಡೆದಿದ್ದರು. ಪಂದ್ಯ ಮುಗಿದಾಗ ಮೂರಕ್ಕೆ ಎರಡು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಲ್ಲಿಯ ನೀರು ಸುರಿಯುತ್ತಿತ್ತು. ಗೋಡೆ ತನ್ನ ಕಾಲ ಪ್ಯಾಡುಗಳನ್ನು ಬಿಚ್ಚಿ ಮೂಲೆಗೆ ಒರಗಿಸಿದ.

“ಹನ್ನೆರಡು ಜನ ಆಡಿ ಸೋಲೋದು ಅಂದ್ರೆ ಸಾಮಾನ್ಯ ಸಾಧನೆ ಅಲ್ಲ.”

ಕುಳ್ಳ ಒಬ್ಬನೇ ನಕ್ಕ. ನಕ್ಕದ್ದು ತನ್ನ ಕಿವಿಗೇ ಬಿದ್ದು ಸುಮ್ಮನಾದ. ಆಮೇಲೆ ಅಂದ, “ನಂದೂ ತಪ್ಪು. ಯಾರ ಕೈ ಅಂತ ನೋಡ್ಬೇಕಿತ್ತು.”

ಹೊಸಬ ಅಳಿಯಂದಿರ ಪಕ್ಕ ಬಂದು ಕೂತ. “ಅಣ್ಣ, ಆ ಪಾಸು ಮಾತ್ರ...”

“ಆಯ್ತು ಬಿಡು.”

“ಇಲ್ಲ, ನಿಜವಾಗ್ಲೂ. ನಾನಿರೋದು ನಿಮಗೆ ಹೇಗೆ ಗೊತ್ತಾಯ್ತು?”

ನೀನಿರುವುದು ಗೊತ್ತಿದ್ದರೆ ನಾನು ಒಳಗೇ ಹೋಗುತ್ತಿರಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು.

ಭಾವ ಬಾಗಿಲಲ್ಲಿ ನಿಂತು, “ಯಾರ ತಪ್ಪು ಅಂತ ಇವತ್ತು ಮಾತಾಡಲ್ಲ. ಮುಂದಿನ ಪಂದ್ಯಕ್ಕೆ ಡಿಫೆಂಡರ್ ವಾಪಸು. ಫಾರ್ವರ್ಡ್ ಐದೇ” ಎಂದು ಹೇಳಿ ಹೊರಟುಹೋದರು.

ಭಾನುವಾರ ಬೆಳಿಗ್ಗೆ ಭಾವ ತಂಗಿಯ ಮನೆಗೆ ಬಂದರು. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಾರಕ್ಕೆ ಬೇಕಾದ ಬಿಳಿ ಕೋಟುಗಳನ್ನು ಊಟದ ಮೇಜಿನ ಮೇಲೆ ಹಾಸಿ ಇಸ್ತ್ರಿ ಮಾಡುತ್ತಿದ್ದಳು. ಕೂರಲು ಜಾಗವಿಲ್ಲದೆ ಗಂಡಸರಿಬ್ಬರೂ ಕಿಟಕಿ ಪಕ್ಕದ ಸ್ಟೂಲುಗಳ ಮೇಲೆ ಚಹಾ ಲೋಟ ಹಿಡಿದು ಕೂತರು.

“ಮಂಡಿ ಹೇಗಿದೆ?” ಎಂದರು ಭಾವ.

“ಚೆನ್ನಾಗಿದೆ.”

“ಚಳೀಲಿ ನೋಯುತ್ತೆ ಅಂತಿದ್ದೆ.”

“ಈಗ ಚಳಿ ಎಲ್ಲಿದೆ ಭಾವ?”

ಭಾವ ಚಹಾ ಊದಿದರು. ಅದು ಆಗಲೇ ಆರಿತ್ತು.

“ಅಣ್ಣ, ಮಂಡಿ ವಿಚಾರಿಸೋಕೆ ನೀನು ಎರಡು ಬಸ್ಸು ಬದಲಾಯಿಸಿ ಬಂದಿಲ್ಲ” ಎಂದಳು ಹೆಂಡತಿ, ಕೋಟಿನ ಕಾಲರು ತಿರುವುತ್ತ. “ಹೇಳೋದಿದ್ರೆ ಹೇಳಿಬಿಡು.”

“ಹೇಳೋಕೇ ಬಂದಿದ್ದು. ಏನು ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ.” ಭಾವ ಲೋಟವನ್ನು ಕಿಟಕಿಯ ಅಂಚಿನಲ್ಲಿಟ್ಟರು. “ಇವನನ್ನ ತೆಗೆದ್ರೆ, ತನ್ನ ಮೇಲೆ ಮಾತು ಬರಬಾರ್ದು ಅಂತ ಮನೆಯವನನ್ನೇ ಬಲಿ ಕೊಟ್ಟ ಅಂತಾರೆ. ಇಟ್ಟುಕೊಂಡ್ರೆ, ಪಂದ್ಯ ಕಳೆದವನನ್ನ ತಂಗಿ ಗಂಡ ಅಂತ ಇಟ್ಟುಕೊಂಡ ಅಂತಾರೆ. ಎರಡು ದಿನದಿಂದ ಇದೇ ಲೆಕ್ಕ ಹಾಕ್ತಿದ್ದೀನಿ.”

“ಅವರಿವರು ಏನಂತಾರೆ ಅನ್ನೋದು ಬಿಡು. ಆಟದ ಲೆಕ್ಕ ಏನು ಹೇಳುತ್ತೆ?”

“ಆಟದ ಲೆಕ್ಕದಲ್ಲಿ ಐದನೆಯವನು ಇವನೂ ಆಗಬಹುದು, ನಡುವಿನವನೂ ಆಗಬಹುದು. ಕೂದಲೆಳೆ ವ್ಯತ್ಯಾಸ.” ಭಾವ ಈಗ ಅವನ ಕಡೆ ತಿರುಗಿದರು. “ನೀನೇ ಹೇಳು. ನಾನು ಕೋಚ್ ಅಂತಲ್ಲ, ನೀನು ಹುಡುಗರ ಜೊತೆ ಓಡಿದವನು. ಯಾರನ್ನ ಬಿಡಲಿ?”

“ಭೇಷ್!” ಎಂದಳು ಅವಳು. “ನೀನು ಮಾಡ್ಬೇಕಾದ ಕೆಲಸಾನ ಅವರ ಬಾಯಲ್ಲಿ ಮಾಡಿಸ್ತೀಯಾ?”

“ನೀನು ಸುಮ್ನಿರಮ್ಮ.”

“ನನ್ನ ಮನೇಲಿ ನಾನ್ಯಾಕೆ ಸುಮ್ನಿರಲಿ?”

ಅವನಿಗೆ ಇಬ್ಬರ ಮಾತೂ ಪಕ್ಕದ ಮನೆಯ ರೇಡಿಯೋದಂತೆ ಕೇಳಿಸುತ್ತಿತ್ತು. ನಡುವಿನವನ ಹೆಸರು ಹೇಳಿದರೆ ಭಾವ ಒಪ್ಪುತ್ತಾರೆ ಎಂದು ಅವನಿಗೆ ಗೊತ್ತಿತ್ತು. ನಡುವಿನವನಿಗೆ ಎಡಗೈ ಕಡೆಯ ಹೊಡೆತ ಬರುವುದಿಲ್ಲ, ಮುಂಗೋಪಿ, ಪೆನಾಲ್ಟಿ ಕಾರ್ನರ್‌ನಲ್ಲಿ ನಿಂತಲ್ಲೇ ನಿಲ್ಲುತ್ತಾನೆ. ಎಲ್ಲವೂ ನಿಜ. ಅಷ್ಟನ್ನು ಹೇಳಿದರೆ ನಾಳೆಯೂ ಊಟದ ಗಂಟೆಗೆ ಸ್ಟಿಕ್ ಎತ್ತಿಕೊಂಡು ಹೊರಡಬಹುದು. ಅವನು ಮನಸ್ಸಿನಲ್ಲಿ ಬೆಂಚಿಗೆ ಹೋಗಿ ಕೂತ. ಎಡಬದಿ ನೋಡಿದ. ಕುಳ್ಳ ಓಡುತ್ತಿದ್ದ.

“ನನ್ನನ್ನೇ ಬಿಡಿ” ಎಂದ.

ಇಸ್ತ್ರಿ ಪೆಟ್ಟಿಗೆ ನಿಂತಿತು.

“ಮರ್ಯಾದೆಗೆ ಹೇಳ್ತಿದ್ದೀಯಾ?” ಎಂದರು ಭಾವ.

“ಅಲ್ಲ ಭಾವ. ಅವತ್ತು ಆಗಿದ್ದು ಗಡಿಬಿಡೀಲಿ ಆಗಿದ್ದಲ್ಲ. ನನ್ನ ಜೋಡಿ ಯಾರು ಅಂತ ಅವತ್ತು ಬೆಳಿಗ್ಗೆ ಕೇಳಿದ್ರೂ ಸರಿಯಾಗೇ ಹೇಳ್ತಿದ್ದೆ. ಆದ್ರೂ ಎದ್ದೆ. ಕುಳ್ಳ ಸ್ಟಿಕ್ ಎತ್ತಿದ್ರೆ ನಾನು ಏಳ್ತೀನಿ. ಮುಂದಿನ ಪಂದ್ಯದಲ್ಲೂ ಏಳ್ತೀನಿ.”

“ನಿಮ್ಮಿಬ್ಬರನ್ನ ಮತ್ತೆ ಜೋಡಿ ಮಾಡಿದ್ರೆ?”

“ಮಾಡಿದ್ರೆ ಹೊಸಬನ್ನ ಎಲ್ಲಿ ಹಾಕ್ತೀರಿ? ಅವನು ಎಡಗಡೆ ಆಟಗಾರ. ಎಡಗಡೆ ನನಗಿಂತ ಅವನೇ ಚೆನ್ನಾಗಿ ಆಡ್ತಾನೆ. ಅದಕ್ಕೆ ತಾನೆ ಕರ್ಕೊಂಡು ಬಂದಿದ್ದು.”

ಭಾವನ ಹೆಗಲು ಒಂದಿಷ್ಟು ಇಳಿಯಿತು. ಬಸ್ಸಿನಲ್ಲಿ ನಿಂತು ಬಂದವರಿಗೆ ಸೀಟು ಸಿಕ್ಕಾಗ ಇಳಿಯುವ ಹಾಗೆ. ಅದನ್ನು ಅವರ ತಂಗಿ ನೋಡಿದಳು. ಕೋಟನ್ನು ಹ್ಯಾಂಗರಿಗೆ ಸಿಕ್ಕಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಅವಳಿಗೆ ನನ್ನ ಮೇಲೆ ಸಿಟ್ಟು” ಎಂದರು ಭಾವ.

“ನನ್ನ ಮೇಲೂ ಇರುತ್ತೆ.”

“ಸೋಮವಾರ ನಿಮ್ಮ ಮೇಲ್ವಿಚಾರಕರಿಗೆ ನಾನೇ ಹೇಳ್ತೀನಿ.”

“ಬೇಡ, ನಾನೇ ಹೇಳ್ಕೋತೀನಿ.”

ಸೋಮವಾರ ಅವನು ಹೇಳಿದ. ಮೇಲ್ವಿಚಾರಕ ತಲೆ ಕೆರೆದುಕೊಂಡು, “ಹಾಗಾದ್ರೆ ನಿಮ್ಮನ್ನ ಮಧ್ಯಾಹ್ನ ಇಲ್ಲೇ ಕೂರಿಸ್ಲಾ?” ಎಂದು ಕೇಳಿದ. “ಇಲ್ಲೇ” ಎಂದ ಅವನು.

ಊಟದ ಗಂಟೆಯ ನಂತರ ಮೈದಾನಕ್ಕೆ ಹೋಗುವವರು ತಪಾಸಣೆ ವಿಭಾಗದ ಬಾಗಿಲಿನ ಮುಂದಿಂದಲೇ ಹಾದುಹೋದರು. ಹೊಸಬ ತಲೆ ಬಗ್ಗಿಸಿ ವಂದಿಸಿದ. ಗೋಡೆ ಏನೋ ತಮಾಷೆ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಕುಳ್ಳ ಒಂದು ಗಳಿಗೆ ಬಾಗಿಲಲ್ಲಿ ನಿಂತ.

“ಬರ್ತೀನಿ ಕಣೋ.”

“ಹ್ಞೂಂ. ಹೋಗ್ಬಾ.”

ಅವರ ಮಾತು ಅಂಗಳದ ತನಕ ಕೇಳಿಸಿ ನಿಂತಿತು. ಅವನು ಮುಂದಿನ ಟೈರನ್ನು ಎಳೆದುಕೊಂಡ. ಬಿಸಿಲು ಕಟ್ಟಡದ ಇನ್ನೊಂದು ಬದಿಗೆ ಸರಿದು ಕೋಣೆ ಮಬ್ಬಾಯಿತು. ಟೈರಿನ ಒಳಮೈ ಬರೀ ಕಪ್ಪಾಗಿ ಕಂಡಿತು. ದೀಪ ಹಾಕೋಣವೆಂದು ಅವನು ಎದ್ದು ಬಾಗಿಲ ಪಕ್ಕದ ಗೋಡೆ ತಡಕಿದ, ಕಿಟಕಿಯ ಕೆಳಗೆ ನೋಡಿದ. ಇಷ್ಟು ವರ್ಷ ಕೆಲಸ ಮಾಡಿದ ಕೋಣೆಯಲ್ಲಿ ಸ್ವಿಚ್ಚು ಎಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಪಕ್ಕದ ಮೇಜಿನವನನ್ನು ಕೇಳಿದ. ಅವನು ಕೆಲಸದಿಂದ ತಲೆ ಎತ್ತದೆ, ಕಂಬದ ಹಿಂದೆ ಎಂದು ಕೈ ತೋರಿಸಿದ.