ಬಾಟಲಿ ಹಿಡಿಸದ ಬಾಯಿ

ಭಾವ ಪ್ಲಾಸ್ಟಿಕ್ ಪುಡಿ ಮಾಡುವ ಪುಟ್ಟ ಯಂತ್ರ ಕಟ್ಟುತ್ತೇನೆಂದಾಗ ಅಕ್ಕ ಬೇಡ ಅನ್ನಲಿಲ್ಲ. ಷರತ್ತು ಒಂದೇ: ಅದು ಅವಳ ಹೊಲಿಗೆ ಮಿಷನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲೇ ಕೂರಬೇಕು. ಒಂದು ಬೆರಳು ಆಚೆ ಬಂದರೂ ಮನೆಯಿಂದಾಚೆ.

ಭಾವ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಗುಜರಿ ಅಂಗಡಿಯವರು ಈ ಯಂತ್ರ ಒಪ್ಪಿದರೆ ಸರಿ, ಇಲ್ಲವಾದರೆ ಭಾವ ತಮ್ಮ ಅಣ್ಣನ ಚಪ್ಪಲಿ ಅಂಗಡಿಯಲ್ಲಿ ಕೂರುವುದು ಎಂದು ಮಾತಾಗಿತ್ತು. ಆ ಅಣ್ಣನೋ, ಗಿರಾಕಿಗಳೆದುರು "ಇವ್ನು ನಮ್ಮ ಇಂಜಿನಿಯರು" ಎಂದು ಪರಿಚಯಿಸಿ, ಆಮೇಲೆ ಅವರ ಕಾಲು ಅಳೆಯಲು ಕೂರಿಸುವ ಆಸಾಮಿ.

ಭಾವನಿಗೆ ಮಾತು ಸ್ಟಾರ್ಟ್ ಆಗುವುದೇ ನಿಧಾನ. "ಹ್ಞೂಂಂ... ನೋಡೂ... ಶಾಫ್ಟೂ..." ಎಂದು ಮೂಗಿನಲ್ಲೇ ಒಂದೊಂದಾಗಿ ಗೇರು ಬದಲಿಸುವರು. ನಾನು ಅದನ್ನು ಮಾಡಿ ತೋರಿಸಿದರೆ ಅಕ್ಕ ಸೂಜಿಗೆ ದಾರ ಪೋಣಿಸುವುದು ಬಿಟ್ಟು ನಗುವಳು. ಆದರೆ ಕೆಲಸದಲ್ಲಿ ಮಾತ್ರ ಅವರು ಟಾಪ್ ಗೇರು. ಹಲ್ಲಿನ ಚಕ್ರಗಳನ್ನು ಒತ್ತೊತ್ತಾಗಿ ಜೋಡಿಸಿದರು, ಪಕ್ಕದಲ್ಲಿದ್ದ ಮೋಟಾರನ್ನು ಅಡಿಗೆ ತಳ್ಳಿದರು, ಬಾಟಲಿ ಹಾಕುವ ಬಾಯನ್ನು ದಿನಕ್ಕಿಷ್ಟು ಕಿರಿದು ಮಾಡಿದರು. ಕೊನೆಗೆ ಯಂತ್ರ ಆ ಸಂದಿಯಲ್ಲಿ ಗೋಡೆಗೇ ಹುಟ್ಟಿದ ಕೂಸಿನಂತೆ ಕೂತಿತು. ತಗಾದೆ ತೆಗೆಯಲು ಏನೂ ಸಿಗದೆ ಅಕ್ಕನಿಗೆ ಬೇಜಾರಾಯಿತು.

ನಾನು ಒಂದು ನೀರಿನ ಬಾಟಲಿ ತಂದು ಹಾಕಿದೆ. ಕತ್ತು ಇಳಿಯಿತು, ಹೊಟ್ಟೆ ಇಳಿಯಲಿಲ್ಲ.

ಗುಜರಿಯವರು ಆ ಸಂಜೆಯೇ ಬರುವವರಿದ್ದರು. ಅಕ್ಕ ಬಟ್ಟೆ ಕತ್ತರಿ ಮುಟ್ಟಗೊಡಲಿಲ್ಲ. ಅಡುಗೆಮನೆ ಕತ್ತರಿ ಹಿಡಿದು ನಾನು, ಚಾಕು ಹಿಡಿದು ಭಾವ, ಬಾಟಲಿ ಹೆಚ್ಚುತ್ತಾ ಕೂತೆವು. ತುಂಡು ಮಾಡುವ ಯಂತ್ರಕ್ಕೆ ನಾವೇ ತುತ್ತು ಮಾಡಿ ಉಣಿಸುವ ಯೋಗ.

ಗುಜರಿಯವರು ಬಂದರು. ನಾವು ಹೆಚ್ಚಿಟ್ಟದ್ದನ್ನು ಯಂತ್ರ ಕರಕರ ಜಗಿದು, ಉಗುರಿನಷ್ಟು ಸಣ್ಣಗೆ ಉಗುಳಿತು. ಅವರು ಚೂರನ್ನು ಅಂಗೈಯಲ್ಲಿ ತಿಕ್ಕಿ ನೋಡಿ ತಲೆದೂಗಿದರು. ಆಮೇಲೆ ತಮ್ಮ ಚೀಲದಿಂದ ಇಡೀ ಬಾಟಲಿ ತೆಗೆದರು.

"ಅದನ್ನ... ಮೊದ್ಲು... ಸ್ವಲ್ಪ ಹೆಚ್ಕೊಂಡು..." ಎಂದರು ಭಾವ.

"ಹೆಚ್ಚೋರು ಯಾರು?"

ಭಾವ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಮೇಲಿನ ಧೂಳು ನೋಡಿದೆ.

ಬಾಯಿ ಒಂದು ಗೇಣು ಅಗಲ ಮಾಡಲು ಬರುವುದಿಲ್ಲವೇ ಎಂದು ಗುಜರಿಯವರು ಕೇಳಿದರು. ಬರುತ್ತದೆ, ಆದರೆ ಹೊಲಿಗೆ ಮಿಷನ್ನಿಗೆ ತಾಗುತ್ತದೆ ಎಂದು ಭಾವ ಟೇಪು ಹಿಡಿದು ವಿವರಿಸಿದರು.

"ಅಲ್ಲ ಸ್ವಾಮಿ," ಎಂದರು ಅವರು ಮೆಲ್ಲಗೆ, "ಇದು ಇರೋದು ನನ್ನ ಅಂಗಡೀಲಿ ಅಲ್ವಾ?"

ಇಷ್ಟು ದಿನ ಈ ಮಾತು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಬಾಯಿ ಅಗಲವಾದರೆ ತಾನೇ ಮೊದಲ ಗಿರಾಕಿ ಎಂದು ಹೇಳಿ ಅವರು ಎದ್ದರು. ಅವರು ಮೆಟ್ಟಿಲಿಳಿಯುವ ಮೊದಲೇ ಅಕ್ಕ ಹೊಲಿಗೆ ಮಿಷನ್ನಿನ ಒಂದು ಬದಿ ಹಿಡಿದು ನಿಂತಿದ್ದಳು.

"ಆ ಕಡೆ ಹಿಡ್ಕೊಳೋ, ರೂಮಿಗೆ ಸಾಗ್ಸೋಣ, ಯಂತ್ರದ ಬಾಯಿ ಅಗಲ ಆಗ್ಲಿ," ಎಂದಳು ನನಗೆ. "ನಿಮ್ ಭಾವನ್ನ ಅವ್ರಣ್ಣನ ಅಂಗಡೀಲಿ ಕೂರ್ಸಿದ್ರೆ ಬೆರಳು ಅಲ್ಲಾಡದ ಹಾಗೆ ಚಪ್ಪಲಿ ಕೊಟ್ಟು ಊರನ್ನೇ ಕುಂಟಿಸ್ತಾರೆ."