ಎದುರುಮನೆಯ ಡಬ್ಬಿ

ಎದುರುಮನೆಯವರು ಕಪ್ಪು ಪ್ಲಾಸ್ಟಿಕ್ ಕವರೊಂದನ್ನು ಕೋಲಿನ ತುದಿಗೆ ನೇತುಹಾಕಿಕೊಂಡು ರಸ್ತೆಯ ನಡುವೆ ನಿಂತಿದ್ದರು. ಈಚೆ ಮನೆಯ ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ಸೊಸೆಯ ಕೈ ನಲ್ಲಿಯ ಕೆಳಗೆ ಹಾಗೆಯೇ ನಿಂತಿತು. ಕವರಿನ ಬಾಯಿಗೆ ಒಂದರ ಮೇಲೊಂದು ಗಂಟು, ಮೇಲೆ ಮೊಲದ ಕಿವಿಯ ಹಾಗೆ ಎರಡು ತುದಿ. ಆ ಗಂಟು ಅವಳದೇ.

"ಬಿಚ್ಚಿ ನೋಡೋಕೆ ನನಗೇನು ತಲೆ ಕೆಟ್ಟಿದ್ಯಾ? ವಾಸನೆ ಸಾಲದಾ?" ಎಂದು ಎದುರುಮನೆಯವರು ಕೇಳುತ್ತಿದ್ದರು. "ಒಂದಿನ ಆದ್ರೆ ಹೋಗ್ಲಿ ಅನ್ನಬಹುದು. ಕಸದ ಗಾಡಿ ಬರೋ ದಿನವೆಲ್ಲ ಇದೇ ಆಯ್ತು. ನಿನ್ನ ನಾಯೀದು ನನ್ನ ಡಬ್ಬೀಲಿ ಯಾಕಿರಬೇಕು?"

ಬೈಸಿಕೊಳ್ಳುತ್ತಿದ್ದವನು ಅವರದೇ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಗಡಿಯಾರ ರಿಪೇರಿಯವನು. ಅವನ ಮುದಿ ನಾಯಿ ತನಗೂ ಈ ಪಂಚಾಯ್ತಿಗೂ ಸಂಬಂಧವಿಲ್ಲವೆಂಬಂತೆ ಪಕ್ಕದಲ್ಲಿ ಕೂತು ಆಕಳಿಸುತ್ತಿತ್ತು.

"ಸಾರ್, ನಮ್ದು ನಾನು ಪೇಪರಲ್ಲಿ ಎತ್ಕೊಂಡು ಹೋಗಿ ಟಾಯ್ಲೆಟ್‌ಗೇ ಹಾಕ್ತೀನಿ. ನೀವೇ ನೋಡಿದ್ದೀರಲ್ಲ," ಎಂದ ಅವನು. ಕೋಲು ಬಾಗಿದ್ದನ್ನು ನೋಡಿ, "ಅಲ್ಲ ಸಾರ್, ಅದು ನನ್ನ ನಾಯಿಗಿಂತ ಭಾರ ಇದ್ದಂಗಿದೆ," ಎಂದೂ ಸೇರಿಸಿದ.

ಗೇಟುಗಳಲ್ಲಿ ನಿಂತಿದ್ದ ಒಬ್ಬಿಬ್ಬರು ನಕ್ಕರು. ಅದೇ ತಪ್ಪಾಯಿತು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಬಾಡಿಗೆಯವನ ತಮಾಷೆಯೂ ಅಷ್ಟೆ. ಎದುರುಮನೆಯವರ ಮುಖ ಕೆಂಪಾಯಿತು.

"ಭಾನುವಾರದೊಳಗೆ ನಾಯಿ ಹೋಗಬೇಕು. ಅದನ್ನ ಬಿಟ್ಟಿರೋಕಾಗಲ್ಲ ಅಂದ್ರೆ ಅದರ ಜೊತೆ ನೀನೂ ಹೊರಡು."

ಈಗ ಯಾರೂ ನಗಲಿಲ್ಲ. ಗಡಿಯಾರದವನು ನಾಯಿಯನ್ನು ಹತ್ತಿರಕ್ಕೆಳೆದುಕೊಂಡ.

ಎದುರುಮನೆಯವರು ಕೆಟ್ಟವರೇನಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಅಧಿಕಾರ ನಡೆಸಲು ಅವರಿಗೆ ಉಳಿದಿದ್ದು ಈ ಬೀದಿಯೊಂದೇ. ಡಬ್ಬಿಯನ್ನು ಗಾಡಿ ಬರುವ ಬೆಳಿಗ್ಗೆಯಷ್ಟೇ ಹೊರಗಿಡಬೇಕು, ಮುಚ್ಚಳ ಪೂರ್ತಿ ಕೂರಬೇಕು, ನಾಯಿ ಹೇತರೆ ನಾಯಿಯವರೇ ಎತ್ತಬೇಕು ಎಂಬ ನಿಯಮಗಳನ್ನೆಲ್ಲ ಮಾಡಿದ್ದು ಅವರೇ. ಬೀದಿಯವರು ಬೆನ್ನ ಹಿಂದೆ ಅವರನ್ನು 'ಕಮಿಟಿ' ಎನ್ನುತ್ತಿದ್ದರು, ಕಮಿಟಿಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ. ಗಂಡ ಹೆಂಡತಿ ಇಬ್ಬರೇ ಇದ್ದ ಆ ಮನೆಯ ಡಬ್ಬಿ ಎಂದೂ ಅರ್ಧಕ್ಕಿಂತ ಹೆಚ್ಚು ತುಂಬುತ್ತಿರಲಿಲ್ಲ. ಸೊಸೆಯ ಕಣ್ಣು ಅದರ ಮೇಲೆ ಬಿದ್ದದ್ದು ಹಾಗೆ.

ಅವಳ ಮನೆಯ ಡಬ್ಬಿಯ ಮುಚ್ಚಳ ಕೂರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹಾಸಿಗೆ ಹಿಡಿದಿದ್ದರು. ಡಯಾಪರ್ ಎಂಬ ಮಾತನ್ನು ಮನೆಯೊಳಗೂ ಆಡುವ ಹಾಗಿರಲಿಲ್ಲ; ಅತ್ತೆ ಅದನ್ನು 'ಸಾಮಾನು' ಎನ್ನುತ್ತಿದ್ದರು. ಸಾಮಾನು ದಿನವೂ ಬೇಕು, ಗಾಡಿ ದಿನವೂ ಬರುವುದಿಲ್ಲ, ಮುಚ್ಚಳ ಎದ್ದಿರುವ ಡಬ್ಬಿಯನ್ನು ಗಾಡಿಯವರು ಮುಟ್ಟುವುದಿಲ್ಲ. ಹಾಲಿನವನಿಗೂ ಮೊದಲು ಎದ್ದು, ಉಳಿದದ್ದನ್ನು ಕವರಿನಲ್ಲಿ ಬಿಗಿದು, ಕಳ್ಳಿಯ ಹಾಗೆ ರಸ್ತೆ ದಾಟುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು.

ಅತ್ತೆ ಮೂವತ್ತು ವರ್ಷ ಶಾಲೆ ನಡೆಸಿದವರು. ಈ ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಉಳಿದರ್ಧದ ಕಿವಿ ಹಿಂಡಿದವರು. ಈಗಲೂ ಎಲ್ಲರಿಗೂ ದೊಡ್ಡ ಟೀಚರ್. ನೋಡಲು ಯಾರಾದರೂ ಬರುತ್ತಾರೆಂದರೆ ತಲೆ ಬಾಚಿಸಿಕೊಂಡು, ಪೌಡರ್ ಹಾಕಿಸಿಕೊಂಡು, ದಿಂಬಿಗೆ ಒರಗಿ ಕೂರುತ್ತಿದ್ದರು. "ನಾನು ಸತ್ತ ಮೇಲೆ ಡಂಗುರ ಹೊಡಿ. ಅಲ್ಲೀವರೆಗೂ ಈ ಸಾಮಾನಿನ ವಿಷಯ ಬೀದಿಗೆ ಗೊತ್ತಾಗಬಾರದು," ಎಂದು ಮೊದಲ ವಾರವೇ ಹೇಳಿದ್ದರು. ಮಗ ದೂರದ ರೂಟಿನ ಬಸ್ ಡ್ರೈವರ್. ಮನೆಯಲ್ಲಿದ್ದ ದಿನ ಗೊತ್ತಿದ್ದೂ ಗೊತ್ತಿಲ್ಲದವನಂತೆ ಟೀವಿಯ ಸದ್ದು ಜೋರು ಮಾಡುತ್ತಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ.

"ಏನದು ಗಲಾಟೆ?" ಅತ್ತೆ ಕೋಣೆಯಿಂದ ಕರೆದರು. ಅವರ ಮಂಚ ಬೀದಿಯ ಕಿಟಕಿಗೆ ಅಂಟಿಕೊಂಡೇ ಇತ್ತು. ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ.

ಸೊಸೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. "ನಮ್ಮ ಕವರ್ ಸಿಕ್ಕಿದೆ. ನಾಯೀದು ಅಂದ್ಕೊಂಡಿದ್ದಾರೆ. ಅವನನ್ನ ಮನೆ ಬಿಡಿಸ್ತಾರಂತೆ."

ಅತ್ತೆ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಅಂದ್ಕೊಳ್ಳಲಿ ಬಿಡು. ನಾಯಿ ತಾನೆ. ಎಲ್ಲಾದ್ರೂ ಬಿಟ್ಟು ಬರ್ತಾನೆ."

"ಅತ್ತೆ, ನೀವು ಬಿದ್ದ ದಿನ ಎತ್ಕೊಂಡು ಬಂದೋನು ಅವನೇ."

"ಗೊತ್ತು."

ಅಂದು ಸೊಸೆಯ ಕೂಗಿಗೆ ಓಡಿಬಂದ ಗಡಿಯಾರದವನು, ಹೆಗಲ ಮೇಲಿದ್ದ ಟವೆಲನ್ನು ಮೊದಲು ಟೀಚರ ಮೈಮೇಲೆ ಹೊದಿಸಿ, ಮುಖ ಆಚೆ ತಿರುಗಿಸಿಕೊಂಡೇ ಅವರನ್ನು ಎತ್ತಿದ್ದ. ಆಮೇಲೆ ಅದರ ಬಗ್ಗೆ ಯಾರ ಹತ್ತಿರವೂ ಒಂದು ಮಾತೂ ಆಡಿದವನಲ್ಲ. ಟವೆಲನ್ನೂ ವಾಪಸು ಕೇಳಿರಲಿಲ್ಲ.

"ಹೋಗಬೇಡ," ಎಂದರು ಅತ್ತೆ. ಶಾಲೆಯ ದನಿಯಲ್ಲ, ಸೊಸೆ ಅವರ ಬಾಯಲ್ಲಿ ಕೇಳಿರದ ಒಂದು ಸಣ್ಣ ದನಿ. ಅದಕ್ಕೇ ಅವಳಿಗೆ ಸಿಟ್ಟು ಬಂದದ್ದು. ಗದರಿಸಿದ್ದರೆ ಸುಮ್ಮನಿದ್ದುಬಿಡುತ್ತಿದ್ದಳೇನೋ.

ಚಪ್ಪಲಿ ಮೆಟ್ಟಿ ರಸ್ತೆಗೆ ಇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೆಂದೇ ಹೊರಟಿದ್ದಳು.

"ಅದು ನಾಯೀದಲ್ಲ. ನಮ್ಮನೇದು."

ಎದುರುಮನೆಯವರು ಅವಳನ್ನೂ ಕವರನ್ನೂ ನೋಡಿದರು. "ನಿಮ್ಮನೇಲಿ ನಾಯಿ ಎಲ್ಲಿದೆಯಮ್ಮ?"

ಕಿಟಕಿಯ ಪರದೆ ಒಂದಿಷ್ಟೂ ಅಲುಗಲಿಲ್ಲ. ಅದರ ಹಿಂದೆ ಅತ್ತೆ ಉಸಿರು ಬಿಗಿಹಿಡಿದಿರುವುದು ಸೊಸೆಗೆ ಇಲ್ಲಿಂದಲೇ ಗೊತ್ತಾಯಿತು. ಹೇಳಬೇಕೆಂದಿದ್ದ ಮಾತು ನಾಲಿಗೆಯ ಮೇಲೆ ಬಂದು ಹೊರಳಿಕೊಂಡಿತು.

"ನಂದು," ಎಂದಳು. "ಆಪರೇಷನ್ ಆದ್ಮೇಲೆ ನನಗೆ ತಡ್ಕೊಳ್ಳೋಕಾಗಲ್ಲ. ಡಯಾಪರ್ ಹಾಕ್ಕೋತೀನಿ. ನಮ್ಮ ಡಬ್ಬಿ ತುಂಬಿತ್ತು, ನಿಮ್ಮದರಲ್ಲಿ ಹಾಕ್ದೆ. ತಪ್ಪಾಯ್ತು."

ಎದುರುಮನೆಯವರ ದೃಷ್ಟಿ ತಾನಾಗಿಯೇ ಅವಳ ಸೊಂಟದವರೆಗೆ ಇಳಿದು, ಬೆಂಕಿ ಮುಟ್ಟಿದಂತೆ ಪಕ್ಕಕ್ಕೆ ಸರಿಯಿತು. ಗೇಟುಗಳಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಕಿವಿ, ಕತ್ತು ಎಲ್ಲ ಸುಡುತ್ತಿತ್ತು. ನಾಚಿಕೆಯಾಗಿತ್ತು, ಬಹಳ ನಾಚಿಕೆಯಾಗಿತ್ತು. ಅದರ ಅಡಿಯಲ್ಲಿ ಮಾತ್ರ ದಿನವೂ ಇರುವ ಅದೇ ಆಯಾಸ.

"ಅಯ್ಯೋ, ಅದನ್ನ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇನಮ್ಮ," ಎಂದು ಎದುರುಮನೆಯವರು ತಡವರಿಸಿದರು. ಬಾಡಿಗೆಯವನ ಕಡೆ ತಿರುಗಿ, "ಆಯ್ತಪ್ಪ, ನೀನು ಹೋಗು," ಎಂದರು. ಕ್ಷಮೆ ಕೇಳುವ ನಿಯಮವನ್ನು ಕಮಿಟಿ ಇನ್ನೂ ಮಾಡಿರಲಿಲ್ಲ.

ಗಡಿಯಾರದವನು ಒಮ್ಮೆ ಟೀಚರ ಕಿಟಕಿಯನ್ನು ನೋಡಿದ. ನಾಯಿಯ ಬೆಲ್ಟನ್ನು ಕೈಗೆ ಸುತ್ತಿಕೊಂಡ. "ಅಕ್ಕ, ಕವರ್ ಕೊಡಿ, ನಾನು ಹಾಕ್ತೀನಿ," ಎಂದ ಮೆಲ್ಲಗೆ.

"ಬೇಡಪ್ಪ. ನಾನೇ ತಗೊಂಡು ಹೋಗ್ತೀನಿ."

ಕೋಲಿನಿಂದ ಅದನ್ನು ಬಿಡಿಸಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಅವಳು ರಸ್ತೆ ದಾಟಿದಳು.

ಸಂಜೆಯ ಹೊತ್ತಿಗೆ ಪಕ್ಕದ ಮನೆಯಾಕೆ ವಿಚಾರಿಸಿಕೊಳ್ಳಲು ಬಂದರು. ಸೊಸೆ ಕುರ್ಚಿ ಎಳೆದಾಗ ಕೂರುವ ಮುಂಚೆ ಅದರ ಮೇಲೊಮ್ಮೆ ಕಣ್ಣಾಡಿಸಿ, ಆಮೇಲೆ ತುದಿಯಲ್ಲಿ ಕೂತರು. ತಮ್ಮ ನಾದಿನಿಗೂ ಹೀಗೇ ಇತ್ತೆಂದೂ, ನಾಚಿಕೊಂಡು ಕೂತರೆ ಜಾಸ್ತಿಯಾಗುತ್ತದೆಂದೂ ಹೇಳಿ, ಒಬ್ಬ ಡಾಕ್ಟರ ವಿಳಾಸ ಕೊಟ್ಟರು. ಸೊಸೆ ಎಲ್ಲದಕ್ಕೂ ತಲೆಯಾಡಿಸಿದಳು. ಹೊರಡುವಾಗ ಆಕೆ ಮಂಚದ ಹತ್ತಿರ ಹೋಗಿ, ಪೌಡರ್ ಹಾಕಿಕೊಂಡು ದಿಂಬಿಗೆ ಒರಗಿದ್ದ ಅತ್ತೆಯ ಕೈ ಹಿಡಿದುಕೊಂಡರು.

"ಪಾಪ ಟೀಚರ್, ನೀವೇ ಹಾಸಿಗೆ ಹಿಡಿದಿರೋವಾಗ ಸೊಸೆ ಕಷ್ಟಾನೂ ನೋಡೋ ಹಾಗಾಯ್ತಲ್ಲ."

ಸೊಸೆ ಕಾದಳು.

"ಹೂಂ," ಎಂದರು ಅತ್ತೆ.

ಪಕ್ಕದ ಮನೆಯಾಕೆ ಹೋದ ಮೇಲೆ ಸೊಸೆ ಬಾಗಿಲು ಹಾಕಿ, ಕಪಾಟಿನಿಂದ ಹೊಸ ಸಾಮಾನು ತೆಗೆದು, ಬಿಸಿನೀರಿನ ಬೋಗುಣಿ ತಂದಳು.

"ನಾನಾಗಿದ್ರೆ ನಿನಗೋಸ್ಕರ ಹಾಗೆ ಹೇಳ್ತಿರ್ಲಿಲ್ಲ," ಎಂದರು ಅತ್ತೆ.

"ಗೊತ್ತು ಅತ್ತೆ."

"ಸುಮ್ನೆ ಮಾತಿಗೆ ಹೇಳ್ತಿಲ್ಲ. ನಿಜವಾಗ್ಲೂ ಹೇಳ್ತಿರ್ಲಿಲ್ಲ."

"ಗೊತ್ತು ಅಂದ್ನಲ್ಲ. ಸ್ವಲ್ಪ ಈ ಕಡೆ ತಿರುಗಿ."

ಅತ್ತೆ ತಿರುಗಿದರು. ಸೊಸೆ ಒರೆಸಿ, ಬಟ್ಟೆ ಸರಿಮಾಡಿ, ಕೈ ತೊಳೆದು, ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದಳು. ಹಾಸಿಗೆ ಹಿಡಿದಾಗಿನಿಂದ ಅತ್ತೆ, ಸಾಮಾನು ಹೆಚ್ಚು ಒದ್ದೆಯಾಗದಿರಲೆಂದು, ಮಾತ್ರೆ ಇಳಿಯುವಷ್ಟೇ ನೀರು ಕುಡಿದು ಲೋಟ ವಾಪಸು ಕೊಡುತ್ತಿದ್ದರು. ತುಟಿ ಒಡೆದರೂ, ಡಾಕ್ಟರು ಬೈದರೂ, ಒಂದು ಗುಟುಕು ಹೆಚ್ಚು ಕುಡಿದವರಲ್ಲ. ಸೊಸೆ ವಾಡಿಕೆಯಂತೆ ಲೋಟಕ್ಕಾಗಿ ಕೈ ಚಾಚಿದಳು.

ಅತ್ತೆ ಕೊಡಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು, ನಿಧಾನವಾಗಿ, ತಳ ಕಾಣುವವರೆಗೂ ಕುಡಿದರು. ಗಲ್ಲದಿಂದ ಇಳಿದ ನೀರಿಗೆ ಕತ್ತಿನ ಪೌಡರ್ ಗೆರೆಗೆರೆಯಾಯಿತು. ಆಮೇಲೆ ಖಾಲಿ ಲೋಟವನ್ನು ಮುಂದೆ ಚಾಚಿದರು.

"ಇನ್ನೊಂದು ಸ್ವಲ್ಪ ಹಾಕು," ಎಂದರು.

ಸೊಸೆ ನೀರಿನ ಜಗ್ಗು ತರಲು ಒಳಗೆ ಹೋದಳು.